ದೇವರಿಗೆ ತಾಯಿ ಎಲ್ಲಿಂದ?

ಓದುಗರ ಪ್ರಶ್ನೆ, ತಜ್ಞರ ಉತ್ತರ

(ಈ ಬಾರಿ ಬಂದ ಪ್ರಶ್ನೆಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಕ್ರೈಸ್ತ ಸಭೆಗಳ ಇತಿಹಾಸವನ್ನು ಪಾಠ ಮಾಡಿದ ನಿವೃತ್ತ ಅಧ್ಯಾಪಕರು ನಾಲ್ಕಕ್ಕೂ ಉತ್ತರಿಸಿದ್ದಾರೆ.)

ಪ್ರಶ್ನೆ: ನನ್ನ ತವರು ತೀರ್ಥಹಳ್ಳಿ ಹತ್ತಿರ. ನಾವು ಕೊಂಕಣಿ ಮಾತಾಡುವ ಕಥೋಲಿಕರು. ಮದುವೆಯಾಗಿ ಬಂದದ್ದು ಶಿವಮೊಗ್ಗದ ಸಿಎಸ್‌ಐ (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟೆಂಟರದ್ದು) ಮನೆಗೆ. ಅತ್ತೆ ಒಳ್ಳೆಯವರು, ಜಗಳ ಅಂತ ಏನೂ ಇಲ್ಲ. ಆದರೆ ರಾತ್ರಿ ಮಗಳಿಗೆ ‘ನಮೋ ಮರಿಯಾ’ ಜಪ ಹೇಳಿಕೊಡುವಾಗ ‘ದೇವಮಾತೆ’ ಅನ್ನುವ ಮಾತು ಬಂದರೆ ಸಾಕು, ಅಡುಗೆಮನೆಯಿಂದ ಅವರ ದನಿ ಕೇಳುತ್ತದೆ. ‘ದೇವರಿಗೆ ತಾಯಿ ಎಲ್ಲಿಂದ ಬಂದ್ರು? ಯೇಸುವಿನ ತಾಯಿ ಅನ್ನು ಪುಟ್ಟಿ, ಸಾಕು’ ಅಂತಾರೆ. ಮಗು ನನ್ನ ಮುಖ ನೋಡುತ್ತದೆ. ನಮ್ಮ ಫಾದರ್ ಹತ್ತಿರ ಕೇಳಿದೆ, ‘ಅದು ಸಭೆಯ ಬೋಧನೆ, ಬಿಡೋ ಹಾಗಿಲ್ಲ’ ಅಂದರು. ಅತ್ತೆಯವರ ಸಭೆಯ ಅಯ್ಯನವರು (ಪಾದ್ರಿ) ‘ಸತ್ಯವೇದದಲ್ಲಿ ಆ ಮಾತೇ ಇಲ್ಲ’ ಅಂದರಂತೆ. ಯಾರದು ಸರಿ?
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಅತ್ತೆಯ ಪ್ರಶ್ನೆಗೆ ಹತ್ತಿರ ಹತ್ತಿರ 1600 ವರ್ಷ ವಯಸ್ಸಾಗಿದೆ. ಸುಮ್ನೆ ತಳ್ಳಿಹಾಕುವ ಪ್ರಶ್ನೆ ಅಲ್ಲ ಅದು. ಆದರೆ ನಿಮ್ಮ ಮನೆಯಲ್ಲಿ ಎರಡು ತಕರಾರು ಒಂದರೊಳಗೊಂದು ಸಿಕ್ಕಿಕೊಂಡಿವೆ. ಮರಿಯಮ್ಮನವರನ್ನು ದೇವಮಾತೆ ಅಂತ ಕರೆಯಬಹುದಾ ಅನ್ನುವುದು ಒಂದು. ಅವರ ಹತ್ತಿರ ನಮಗಾಗಿ ಬೇಡಿಕೊಳ್ಳಿ ಅಂತ ಕೇಳಬಹುದಾ ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ನಿಮ್ಮ ತವರಿನ ಸಭೆಗೂ ಗಂಡನ ಮನೆಯ ಸಭೆಗೂ ಹೇಳಿಕೊಳ್ಳುವಂಥ ಜಗಳ ಇಲ್ಲ. ಎರಡನೆಯದರಲ್ಲಿ ಇದೆ, ಗಟ್ಟಿಯಾಗಿಯೇ ಇದೆ.

ಮೊದಲನೆಯದು ನೋಡೋಣ. ಮರಿಯಮ್ಮನವರು ದೇವರಿಗಿಂತ ಮೊದಲೇ ಇದ್ದರು, ದೇವರಿಗೆ ದೇವತ್ವ ಕೊಟ್ಟರು ಅಂತ ಯಾವ ಸಭೆಯೂ ಹೇಳಿಲ್ಲ. ಹೇಳಿದರೆ ನಿಮ್ಮ ಫಾದರ್ರೇ ಮೊದಲು ಬೈಯುತ್ತಾರೆ. ಈ ಬಿರುದು ತಾಯಿಗಿಂತ ಜಾಸ್ತಿ ಮಗನ ಬಗ್ಗೆ ಮಾತಾಡುತ್ತದೆ. ಬೆತ್ಲೆಹೇಮಿನಲ್ಲಿ ಹುಟ್ಟಿದ ಕೂಸು ಯಾರು? ದೇವರೇ ಮನುಷ್ಯನಾಗಿ ಬಂದದ್ದು ಅಂದರೆ, ಹೆತ್ತವರು ದೇವರನ್ನೇ ಹೆತ್ತ ಹಾಗಾಯಿತು. ಹುಟ್ಟಿದ್ದು ಒಬ್ಬ ಮನುಷ್ಯ, ದೇವರು ಆಮೇಲೆ ಅವನ ಜೊತೆ ಸೇರಿಕೊಂಡ ಅಂದರೆ, ಆಗ ಯೇಸುವಿನಲ್ಲಿ ಇಬ್ಬರು ಇದ್ದ ಹಾಗಾಗುತ್ತದೆ. ಐದನೇ ಶತಮಾನದಲ್ಲಿ ಜನ ಹೊಡೆದಾಡಿದ್ದು ಇದೇ ಜಾಗದಲ್ಲಿ.

ಆಗ ಕಾನ್‌ಸ್ಟಾಂಟಿನೋಪಲ್ ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ. 428ರಲ್ಲಿ ನೆಸ್ತೋರಿಯಸ್ ಅಲ್ಲಿನ ಬಿಷಪ್ ಆದರು. ಒಳ್ಳೆಯ ಭಾಷಣಕಾರ, ಸ್ವಲ್ಪ ಮುಂಗೋಪಿ. ಅವರ ಜೊತೆ ಬಂದಿದ್ದ ಒಬ್ಬ ಪಾದ್ರಿ, ಮರಿಯಳು ಒಬ್ಬ ಹೆಂಗಸು, ಹೆಂಗಸಿನ ಹೊಟ್ಟೆಯಲ್ಲಿ ದೇವರು ಹುಟ್ಟುವುದಿಲ್ಲ, ಆ ಬಿರುದು ಯಾರೂ ಬಳಸಬೇಡಿ ಅಂತ ಪ್ರಸಂಗದಲ್ಲಿ ಹೇಳಿಬಿಟ್ಟರು. ಜನ ಗಲಾಟೆ ಎಬ್ಬಿಸಿದರು. ಯಾಕೆಂದರೆ ಆ ಹೊತ್ತಿಗೆ ‘ಥಿಯೊಟೊಕೋಸ್’, ಅಂದರೆ ದೇವರನ್ನು ಹೆತ್ತವಳು, ಅನ್ನುವ ಮಾತು ಪ್ರಾರ್ಥನೆಯಲ್ಲಿ ಬೇರೂರಿತ್ತು. ನಾಲ್ಕನೇ ಶತಮಾನದ ದೊಡ್ಡ ದೊಡ್ಡ ಗುರುಗಳು ಅದನ್ನು ಬಳಸಿದ್ದರು. ಈಜಿಪ್ಟಿನಲ್ಲಿ ಸಿಕ್ಕ ಒಂದು ಪಪೈರಸ್ ತುಂಡಿನಲ್ಲಿ ‘ದೇವಮಾತೆಯೇ, ನಿಮ್ಮ ಆಸರೆಗೆ ಬಂದಿದ್ದೇವೆ’ ಅನ್ನುವ ಅರ್ಥದ ಗ್ರೀಕ್ ಪ್ರಾರ್ಥನೆ ಇದೆ. ಕೆಲವು ವಿದ್ವಾಂಸರು ಅದನ್ನು ಮೂರನೇ ಶತಮಾನದ್ದು ಅನ್ನುತ್ತಾರೆ, ಕೆಲವರು ಇನ್ನೂ ಈಚಿನದ್ದು ಅನ್ನುತ್ತಾರೆ. ನೆಸ್ತೋರಿಯಸ್ ತಮ್ಮ ಪಾದ್ರಿಯ ಪರ ನಿಂತರು. ರಾಜಿ ಮಾಡುವ ಹಾಗೆ ‘ಕ್ರಿಸ್ತನ ತಾಯಿ’ ಅನ್ನೋಣ, ಯಾರಿಗೂ ತೊಂದರೆ ಇಲ್ಲ ಅಂದರು. ನಿಮ್ಮ ಅತ್ತೆಯ ‘ಯೇಸುವಿನ ತಾಯಿ ಸಾಕು’ ಅನ್ನುವುದಕ್ಕೆ ತೀರಾ ಹತ್ತಿರ, ಅಲ್ವಾ?

ಇದಕ್ಕೆ ತಿರುಗಿ ಬಿದ್ದವರು ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲ್. ಈಜಿಪ್ಟಿನ ಸನ್ಯಾಸಿಗಳಿಗೆ ಬರೆದ ಪತ್ರದಲ್ಲಿ ಅವರು ಕೊಟ್ಟ ವಾದವನ್ನು ನಿಮ್ಮ ಮನೆಗೇ ಹಚ್ಚಿ ನೋಡಿ. ನಿಮ್ಮ ಗಂಡನನ್ನು ಹೆತ್ತವರು ಅತ್ತೆ. ಆತ್ಮ ಕೊಟ್ಟವನು ದೇವರು, ಅತ್ತೆ ಕೊಟ್ಟದ್ದು ಮೈ. ಹಾಗಂತ ‘ನಾನು ಇವನ ಮೈಗೆ ಮಾತ್ರ ತಾಯಿ’ ಅಂತ ಅವರು ಯಾವತ್ತಾದರೂ ಹೇಳಿದ್ದಾರಾ? ತಾಯಿ ಅನ್ನಿಸಿಕೊಳ್ಳುವುದು ಇಡೀ ಮನುಷ್ಯನಿಗೆ. ಯೇಸು ಇಬ್ಬರಲ್ಲ, ಒಬ್ಬರೇ. ಆ ಒಬ್ಬರು ದೇವರಾಗಿದ್ದರೆ ಹೆತ್ತವರು ದೇವಮಾತೆಯೇ ಅನ್ನುವುದು ಸಿರಿಲ್ ಲೆಕ್ಕ. ನನಗೂ ಈ ವಾದ ಗಟ್ಟಿ ಅನ್ನಿಸುತ್ತದೆ.

ವಾದ ಗಟ್ಟಿ ಇದ್ದರೂ ಗೆದ್ದ ರೀತಿ ಅಷ್ಟು ಚಂದ ಇರಲಿಲ್ಲ. ಚಕ್ರವರ್ತಿ ಎರಡನೇ ಥಿಯೊಡೋಸಿಯಸ್ 431ರಲ್ಲಿ ಎಫೆಸದಲ್ಲಿ ಮಹಾಸಭೆ ಕರೆದರು. ಆ ಊರು ಈಗ ಟರ್ಕಿಯಲ್ಲಿದೆ. ಸಭೆ ಸೇರಿದ್ದು ಮರಿಯಮ್ಮನವರ ಹೆಸರಿನ ಚರ್ಚಿನಲ್ಲೇ. ಅಂತಿಯೋಕ್ಯದ ಯೋಹಾನ ಎಂಬ ಬಿಷಪ್ ತಮ್ಮ ಗುಂಪಿನ ಜೊತೆ ದಾರಿಯಲ್ಲಿದ್ದರು. ಅವರು ನೆಸ್ತೋರಿಯಸ್ ಕಡೆಯವರು. ಸಿರಿಲ್ ಅವರಿಗಾಗಿ ಕಾಯಲಿಲ್ಲ. ಚಕ್ರವರ್ತಿಯ ಪ್ರತಿನಿಧಿ ಬೇಡ ಅಂದರೂ ಕೇಳದೆ ಜೂನ್ 22ಕ್ಕೆ ಸಭೆ ಶುರು ಮಾಡಿ, ಅದೇ ದಿನ ನೆಸ್ತೋರಿಯಸ್‌ನ ಪದವಿ ತೆಗೆಸಿದರು. ರಾತ್ರಿ ಊರಿನ ಜನ ದೀವಟಿಗೆ ಹಿಡಿದು, ಹೆಂಗಸರು ಧೂಪ ಹಾಕುತ್ತಾ, ಬಿಷಪ್ಪರನ್ನು ಬಿಡಾರಕ್ಕೆ ಕರೆದುಕೊಂಡು ಹೋದರು ಅಂತ ಸಿರಿಲ್ ತಮ್ಮ ಊರಿಗೆ ಬರೆದಿದ್ದಾರೆ. ನಾಲ್ಕು ದಿನ ಬಿಟ್ಟು ಯೋಹಾನರು ಬಂದು ಇಳಿದರು. ತಮ್ಮದೇ ಬೇರೆ ಸಭೆ ಮಾಡಿ ಸಿರಿಲ್ ಪದವಿಯನ್ನೇ ತೆಗೆದರು! ಚಕ್ರವರ್ತಿ ಮೊದಲಿಗೆ ಎರಡೂ ತೀರ್ಪು ಒಪ್ಪಿ ಸಿರಿಲ್, ನೆಸ್ತೋರಿಯಸ್ ಇಬ್ಬರನ್ನೂ ಕಾವಲಿನಲ್ಲಿ ಇಟ್ಟರು. ಆಮೇಲೆ ಸಿರಿಲ್ ಹೇಗೋ ಊರು ಸೇರಿಕೊಂಡರು. ಅರಮನೆಯ ದೊಡ್ಡವರಿಗೆ ಅವರ ಕಡೆಯಿಂದ ಹೋದ ರತ್ನಗಂಬಳಿ, ದಂತದ ಕುರ್ಚಿ, ಬಂಗಾರ ಇವುಗಳ ಪಟ್ಟಿ ಇವತ್ತಿಗೂ ಉಳಿದಿದೆ. ನೆಸ್ತೋರಿಯಸ್ ಕೊನೆಗೆ ಈಜಿಪ್ಟಿನ ಮರುಭೂಮಿಗೆ ಗಡಿಪಾರಾದರು.

ನನ್ನ ಪ್ರಕಾರ ಎಫೆಸಕ್ಕಿಂತ ಮುಖ್ಯವಾದದ್ದು ಆಮೇಲಿನ ಎರಡು ಹೆಜ್ಜೆ. 433ರಲ್ಲಿ ಸಿರಿಲ್ ಮತ್ತು ಯೋಹಾನರು ಕೂಡಿ ಒಂದು ಒಪ್ಪಂದಕ್ಕೆ ಬಂದರು. ದೇವಮಾತೆ ಅನ್ನುವುದನ್ನು ಯೋಹಾನರು ಒಪ್ಪಿದರು. ಯೇಸುವಿನ ದೇವತ್ವ, ಮನುಷ್ಯತ್ವ ಕಲಸಿಹೋಗುವುದಿಲ್ಲ ಅನ್ನುವುದನ್ನು ಸಿರಿಲ್ ಒಪ್ಪಿದರು. 451ರಲ್ಲಿ ಕ್ಯಾಲ್ಸಿಡನ್ ಮಹಾಸಭೆ ಮರಿಯಮ್ಮನವರನ್ನು ದೇವಮಾತೆ ಅಂತ ಕರೆಯುವಾಗ ‘ಮನುಷ್ಯತ್ವದ ಪ್ರಕಾರ’ ಅಂತ ಪಕ್ಕದಲ್ಲೇ ಸೇರಿಸಿತು. ಅಂದರೆ ‘ದೇವರಿಗೆ ತಾಯಿ ಎಲ್ಲಿಂದ’ ಅನ್ನುವ ಅಳುಕಿಗೆ ಅಲ್ಲಿಯೇ ಉತ್ತರ ಇದೆ. ತಂದೆಯಾದ ದೇವರಿಗೆ ತಾಯಿ ಇಲ್ಲ. ಮನುಷ್ಯನಾದ ಮಗನಿಗೆ ಇದ್ದಾರೆ.

ಈಗ ಅತ್ತೆಯವರ ಸಭೆಗೆ ಬರೋಣ. ಪ್ರೊಟೆಸ್ಟೆಂಟರು ಅಂದರೆ ದೇವಮಾತೆಗೆ ವಿರೋಧ ಅಂತ ಎರಡೂ ಕಡೆಯವರು ನಂಬಿದ್ದಾರೆ. ಪ್ರೊಟೆಸ್ಟೆಂಟ್ ಚಳವಳಿ ಶುರು ಮಾಡಿದ ಮಾರ್ಟಿನ್ ಲೂಥರ್ ಹಾಗಲ್ಲ. 1521ರಲ್ಲಿ ಮರಿಯಳ ಸ್ತುತಿಗೀತೆಗೆ ವ್ಯಾಖ್ಯಾನ ಬರೆಯುವಾಗ, ಅವಳ ಹಿರಿಮೆಯೆಲ್ಲಾ ದೇವಮಾತೆ ಅನ್ನುವ ಒಂದೇ ಮಾತಿನಲ್ಲಿ ಅಡಗಿದೆ ಅನ್ನುವ ಅರ್ಥದಲ್ಲಿ ಬರೆದರು. 1577ರ ಲೂಥರನ್ ಒಪ್ಪಂದವೂ ಈ ಬಿರುದನ್ನು ನೇರವಾಗಿ ಎತ್ತಿಹಿಡಿಯುತ್ತದೆ. ಅಳುಕಿದ್ದು ಇನ್ನೊಬ್ಬ ಪ್ರೊಟೆಸ್ಟೆಂಟ್ ಮುಂದಾಳು ಕ್ಯಾಲ್ವಿನ್. ಎಫೆಸದ ನಿರ್ಣಯದ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಆದರೆ ಪ್ರಸಂಗಗಳಲ್ಲಿ ಈ ಮಾತು ಬಳಸುವುದು ಒಳ್ಳೆಯದಲ್ಲ, ತಿಳಿಯದ ಜನ ಮೂಢನಂಬಿಕೆಗೆ ಜಾರುತ್ತಾರೆ ಅಂತ 1552ರಲ್ಲಿ ಲಂಡನ್ನಿನ ಫ್ರೆಂಚ್ ಸಭೆಗೆ ಬರೆದರು. ನಿಮ್ಮ ಅತ್ತೆ ನೆಸ್ತೋರಿಯಸ್ ಪಕ್ಷ ಅಲ್ಲ, ಕ್ಯಾಲ್ವಿನ್ ಪಕ್ಷ. ಈ ವ್ಯತ್ಯಾಸ ದಯವಿಟ್ಟು ಗಮನಿಸಿ. ಯೇಸು ದೇವರು ಅನ್ನುವುದರಲ್ಲಿ ಅವರಿಗೆ ಕಾಳಷ್ಟೂ ಅನುಮಾನ ಇಲ್ಲ, ಅವರ ಹೆದರಿಕೆ ಮೊಮ್ಮಗಳು ಯಾರ ಮುಂದೆ ಕೈಮುಗಿಯುತ್ತಾಳೆ ಅನ್ನುವುದು.

ಇನ್ನೊಂದು ಮಾತು. ಹಳೇ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ ಕಟ್ಟಿದ ಸಭೆಗಳು 1947ರಲ್ಲಿ ಆಂಗ್ಲಿಕನ್ ಮತ್ತಿತರ ಸಭೆಗಳ ಜೊತೆ ಸಿಎಸ್‌ಐ ಆದವು. ಆ ವೆಸ್ಲಿ ಮನೆತನದ ಚಾರ್ಲ್ಸ್ ವೆಸ್ಲಿ ಒಂದು ಕ್ರಿಸ್ಮಸ್ ಕೀರ್ತನೆಯಲ್ಲಿ, ನಮ್ಮ ದೇವರೇ ಗೇಣುದ್ದಕ್ಕೆ ಕುಗ್ಗಿ ಮನುಷ್ಯನಾದ ಅಂತ ಹಾಡಿದ್ದಾರೆ. ಗೇಣುದ್ದದ ದೇವರನ್ನು ಎತ್ತಿಕೊಂಡವರನ್ನು ಏನಂತ ಕರೆಯುತ್ತೀರಿ ಅಂತ ಅತ್ತೆಯವರನ್ನು ಮೆಲ್ಲಗೆ ಕೇಳಿ ನೋಡಬಹುದು. ಕಥೋಲಿಕ ಮತ್ತು ಆಂಗ್ಲಿಕನ್ ಸಭೆಗಳ ಜಂಟಿ ಆಯೋಗ 2005ರಲ್ಲಿ ಹೊರತಂದ ಹೇಳಿಕೆಯಲ್ಲೂ ಈ ಬಿರುದಿನ ಬಗ್ಗೆ ಎರಡೂ ಕಡೆ ಒಂದೇ ಮಾತು.

ಎರಡನೇ ತಕರಾರು ಹಾಗೆ ಮುಗಿಯುವುದಿಲ್ಲ. ‘ನಮೋ ಮರಿಯಾ’ದ ಕೊನೆಯ ಭಾಗದಲ್ಲಿ ಪಾಪಿಗಳಾದ ನಮಗಾಗಿ ಪ್ರಾರ್ಥಿಸಿ ಅಂತ ಕೇಳುತ್ತೇವೆ. ಕಥೋಲಿಕರಿಗೆ ಇದು ಸಹಜ. ಪಕ್ಕದ ಮನೆಯವರಿಗೆ ‘ನಮ್ಮನ್ನೂ ನೆನೆಸಿಕೊಳ್ಳಿ’ ಅನ್ನುತ್ತೇವಲ್ಲ, ಸ್ವರ್ಗದಲ್ಲಿ ಇರುವವರಿಗೂ ಅನ್ನಬಹುದು, ಸತ್ತ ಮಾತ್ರಕ್ಕೆ ಅವರು ಸಭೆಯಿಂದ ಹೊರಗೆ ಹೋಗಿಲ್ಲ ಅನ್ನುತ್ತಾರೆ. ಸಿಎಸ್‌ಐನವರು ತಿಮೊಥೆಯನಿಗೆ ಬರೆದ ಮೊದಲ ಪತ್ರದ ಎರಡನೇ ಅಧ್ಯಾಯ ತೆಗೆಯುತ್ತಾರೆ. ದೇವರಿಗೂ ಮನುಷ್ಯರಿಗೂ ನಡುವೆ ಮಧ್ಯಸ್ಥ ಒಬ್ಬನೇ, ಅದು ಯೇಸು. ಸತ್ತವರ ಹತ್ತಿರ ಕೇಳಿ ಅಂತ ಸತ್ಯವೇದ ಎಲ್ಲೂ ಹೇಳಿಲ್ಲ ಅನ್ನುವುದು ಅವರ ಮಾತು. ಇದು ನಿಜವಾದ ಭಿನ್ನಾಭಿಪ್ರಾಯ. ಸಭೆಗಳೇ ಬಗೆಹರಿಸದ್ದನ್ನು ನೀವು ರಾತ್ರಿ ಊಟಕ್ಕೆ ಮುಂಚೆ ಬಗೆಹರಿಸಬೇಕಾಗಿಲ್ಲ.

ಮಗುವಿನ ಮಟ್ಟಿಗೆ ಒಂದು ದಾರಿ ಇದೆ. ಜಪದ ಮೊದಲ ಅರ್ಧ ಪೂರ್ತಿ ಲೂಕನ ಸುವಾರ್ತೆಯ ಮೊದಲ ಅಧ್ಯಾಯದ್ದು. ದೇವದೂತ ಹೇಳಿದ ನಮಸ್ಕಾರ, ಎಲಿಜಬೇತಳು ಹೇಳಿದ ಹೊಗಳಿಕೆ. ಅದನ್ನು ಅಜ್ಜಿಯೂ ಓದಬಹುದು, ಆಕ್ಷೇಪಣೆ ಇರಲಾರದು. ಅದೇ ಅಧ್ಯಾಯದ 46ರಿಂದ 55ನೇ ವಚನದವರೆಗೆ ಮರಿಯಮ್ಮನವರ ಹಾಡು ಇದೆ. ಬಲಿಷ್ಠರನ್ನು ಗದ್ದುಗೆಯಿಂದ ಕೆಳಗಿಳಿಸಿದ, ಹಸಿದವರ ಹೊಟ್ಟೆ ತುಂಬಿಸಿದ ದೇವರ ಹಾಡು ಅದು. ಆಂಗ್ಲಿಕನ್ ಸಂಜೆ ಆರಾಧನೆಯಲ್ಲೂ ಕಥೋಲಿಕರ ಸಂಜೆ ಪ್ರಾರ್ಥನೆಯಲ್ಲೂ ಇದೆ. ಅಜ್ಜಿ, ಮೊಮ್ಮಗಳು, ನೀವು ಮೂವರೂ ಕೂತು ಅದನ್ನು ಓದಿ. ‘ನಮೋ ಮರಿಯಾ’ವನ್ನು ನಿಮ್ಮ ಮಗಳಿಗೆ ನೀವು ಪೂರ್ತಿಯಾಗಿಯೇ ಕಲಿಸಿ. ಅಜ್ಜಿ ಯಾಕೆ ಆ ಕೊನೆಯ ಸಾಲು ಹೇಳುವುದಿಲ್ಲ ಅಂತ ಅವಳು ಕೇಳಿದರೆ ಅಜ್ಜಿಯೇ ಉತ್ತರ ಕೊಡಲಿ. ಅಡುಗೆಮನೆಯಿಂದ ಕೂಗಿ ಹೇಳುವುದಕ್ಕಿಂತ ಅದು ವಾಸಿ.

ಪ್ರಶ್ನೆ: ನಮ್ಮ ಪಕ್ಕದ ಮನೆಯವರು ಕೇರಳ ಮೂಲದ ಸಿರೋ ಮಲಬಾರ್ ಕಥೋಲಿಕರು. ಅವರ ಹಿರಿಯರು ಹಿಂದೆ ದೇವಮಾತೆ ಅನ್ನುತ್ತಿರಲಿಲ್ಲ, ‘ಕ್ರಿಸ್ತನ ತಾಯಿ’ ಅನ್ನುತ್ತಿದ್ದರು ಅಂತ ಅವರ ತಾತ ಹೇಳುತ್ತಿದ್ದರಂತೆ. ಹಾಗಾದರೆ ಅವರು ನೆಸ್ತೋರಿಯಸ್ ಶಿಷ್ಯರಾ?
– ಓದುಗರು, ಭದ್ರಾವತಿ

ಉತ್ತರ: ತಾತನ ಮಾತಿನಲ್ಲಿ ಹುರುಳಿದೆ. ಕೇರಳದ ತೋಮಾ ಕ್ರೈಸ್ತರಿಗೆ (ಸಂತ ತೋಮಾನಿಂದ ಬಂದವರು ಅಂದುಕೊಳ್ಳುವ ಹಳೇ ಸಮುದಾಯ) ಶತಮಾನಗಳ ಕಾಲ ಬಿಷಪ್ಪರು ಬರುತ್ತಿದ್ದದ್ದು ಈಗಿನ ಇರಾಕ್ ಕಡೆಯ ಪೂರ್ವ ಸಭೆಯಿಂದ. ಆ ಸಭೆ ನೆಸ್ತೋರಿಯಸ್‌ಗಿಂತ ಹಳೆಯದು, ಅವರು ಹುಟ್ಟುಹಾಕಿದ್ದಲ್ಲ. ರೋಮನ್ ಸಾಮ್ರಾಜ್ಯದ ಗಡಿಯಾಚೆ ಇದ್ದದ್ದರಿಂದ ಎಫೆಸದ ತೀರ್ಪು ಅವರು ಒಪ್ಪಿಕೊಳ್ಳಲಿಲ್ಲ, ಅಷ್ಟೇ. ‘ನೆಸ್ತೋರಿಯನ್’ ಅನ್ನುವುದು ಬೇರೆಯವರು ಅಂಟಿಸಿದ ಹೆಸರು. ಅವರ ಆರಾಧನೆಯಲ್ಲಿ ‘ಕ್ರಿಸ್ತನ ತಾಯಿ’ ಅಂತಲೇ ಇತ್ತು. ಮರಿಯಮ್ಮನವರ ಮೇಲಿನ ಭಕ್ತಿಗೆ ಅದರಿಂದ ಏನೂ ಕಮ್ಮಿ ಆಗಿರಲಿಲ್ಲ.

1599ರಲ್ಲಿ ಗೋವಾದ ಆರ್ಚ್‌ಬಿಷಪ್ ಮೆನೆಜಿಸ್ ಕೇರಳದ ಉದಯಂಪೇರೂರಿನಲ್ಲಿ ಸಭೆ ಕರೆದರು. ನೆಸ್ತೋರಿಯಸ್ ಹೆಸರನ್ನು ಪ್ರಾರ್ಥನೆಯಿಂದ ತೆಗೆಸಿ, ‘ದೇವಮಾತೆ’ ಅನ್ನಲೇಬೇಕು ಅಂತ ಕಟ್ಟಪ್ಪಣೆ ಮಾಡಿದರು. ಹಳೇ ಸಿರಿಯಾಕ್ ಭಾಷೆಯ ಪುಸ್ತಕಗಳನ್ನು ತಿದ್ದಿದರು, ಎಷ್ಟೋ ಸುಟ್ಟರು. ಸರಿಯಾದ ಬಿರುದನ್ನು ಬೆಂಕಿ ಹಚ್ಚಿ ಕಲಿಸಿದ ಈ ಕೆಲಸವನ್ನು ನಾನು ಯಾವತ್ತೂ ಸಮರ್ಥಿಸಲಾರೆ. ಆ ಸಿಟ್ಟು ಒಳಗೇ ಕುದಿದು 1653ರಲ್ಲಿ ಮಟ್ಟಾಂಚೇರಿಯಲ್ಲಿ, ಜೆಸ್ವಿಟ್ ಪಾದ್ರಿಗಳ ಮಾತು ಕೇಳುವುದಿಲ್ಲ ಅಂತ ಮಾಡಿದ ಕೂನನ್ ಕುರಿಶು ಪ್ರಮಾಣದಲ್ಲಿ ಸ್ಫೋಟವಾಯಿತು, ಸಮುದಾಯ ಎರಡಾಯಿತು. ಒಂದು ಭಾಗ ರೋಮ್ ಜೊತೆ ಉಳಿಯಿತು, ನಿಮ್ಮ ಪಕ್ಕದ ಮನೆಯವರು ಆ ಕಡೆಯವರು. ನಿಮ್ಮ ಊರಿನ ಹೆಸರಿನಲ್ಲೇ 2007ರಿಂದ ಅವರಿಗೆ ಒಂದು ಧರ್ಮಪ್ರಾಂತ್ಯ ಇದೆಯಲ್ಲ. ಇನ್ನೊಂದು ಭಾಗ ನಿಧಾನವಾಗಿ ಅಂತಿಯೋಕ್ಯದ ಸಿರಿಯನ್ ಪರಂಪರೆಗೆ ಸೇರಿತು. ಮಲೆನಾಡಿಗೆ ಬಂದು ರಬ್ಬರ್ ಹಾಕಿದ ಮಲಯಾಳಿ ಮನೆಗಳಲ್ಲಿ ಯಾಕೋಬಾಯ, ಆರ್ಥೊಡಾಕ್ಸ್ ಅಂತ ಕೇಳುತ್ತೀರಲ್ಲ, ಅವರು ಇವರು. ಅವರು 451ರ ಕ್ಯಾಲ್ಸಿಡನ್ ಒಪ್ಪುವುದಿಲ್ಲ, ಆದರೆ ಎಫೆಸ ಅಂದರೆ ಪ್ರಾಣ. ದೇವಮಾತೆ ಅನ್ನುವುದರಲ್ಲಿ ಅವರಷ್ಟು ಗಟ್ಟಿ ಯಾರೂ ಇಲ್ಲ.

ಕೊನೆಗೆ 1994ರ ನವೆಂಬರ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಮತ್ತು ಪೂರ್ವ ಸಭೆಯ ಮುಖ್ಯಸ್ಥ ನಾಲ್ಕನೇ ಮಾರ್ ದಿನ್ಖಾ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದರು. ಒಬ್ಬರು ‘ದೇವಮಾತೆ’ ಅನ್ನುತ್ತಾರೆ, ಇನ್ನೊಬ್ಬರು ‘ನಮ್ಮ ದೇವರೂ ರಕ್ಷಕರೂ ಆದ ಕ್ರಿಸ್ತನ ತಾಯಿ’ ಅನ್ನುತ್ತಾರೆ, ಎರಡೂ ಒಂದೇ ನಂಬಿಕೆ ಅಂತ ಒಪ್ಪಿಕೊಂಡರು. ನೆಸ್ತೋರಿಯಸ್ ಗಡಿಪಾರಿನಲ್ಲಿ ಬರೆದ ಆತ್ಮಸಮರ್ಥನೆಯ ಸಿರಿಯಾಕ್ ಅನುವಾದ 1910ರಲ್ಲಿ ಅಚ್ಚಾದ ಮೇಲೆ, ಅವರ ಮೇಲೆ ಹೊರಿಸಿದ್ದಷ್ಟನ್ನೂ ಅವರು ನಿಜವಾಗಿ ನಂಬಿದ್ದರಾ ಅಂತ ವಿದ್ವಾಂಸರು ಮತ್ತೆ ಕೇಳತೊಡಗಿದ್ದರು. ತಾತ ಇದ್ದಿದ್ದರೆ ಖುಷಿಪಡುತ್ತಿದ್ದರು.

ಪ್ರಶ್ನೆ: ನಾವು ಹಿಂದೂಗಳು. ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ಸ್ನೇಹಿತರು ಚರ್ಚಿಗೆ ಕರೆದಿದ್ದರು. ಮಕ್ಕಳು ಬುಟ್ಟಿ ತುಂಬ ಹೂ ತಂದು ಮರಿಯಮ್ಮನ ಮೂರ್ತಿಗೆ ಹಾಕಿದರು. ಹೊಸ ಭತ್ತದ ತೆನೆ ಹಂಚಿದರು. ನಮ್ಮ ಮಾರಿಕಾಂಬೆ ತರಹವೇ ಅನ್ನಿಸಿತು. ದೇವರ ತಾಯಿ ಅಂದ ಮೇಲೆ ಅವರೂ ದೇವಿಯೇ ಅಲ್ವಾ?
– ಓದುಗರು, ಸಾಗರ

ಉತ್ತರ: ಅಲ್ಲ. ಕ್ರೈಸ್ತರ ಲೆಕ್ಕದಲ್ಲಿ ಅವರು ನಜರೇತಿನ ಒಬ್ಬ ಹೆಣ್ಣುಮಗಳು, ಪೂರ್ತಿ ಮನುಷ್ಯಳು. ಹಾಗಿದ್ದರೆ ಮಾತ್ರ ಬಿರುದಿಗೆ ಅರ್ಥ. ದೇವಿ ದೇವರನ್ನು ಹೆತ್ತರೆ ಆಶ್ಚರ್ಯ ಏನಿದೆ? ದೇವರಿಗೆ ಸಲ್ಲುವ ಆರಾಧನೆ ಬೇರೆ, ಸಂತರಿಗೂ ಮರಿಯಮ್ಮನವರಿಗೂ ಕೊಡುವ ಗೌರವ ಬೇರೆ ಅಂತ ಕಥೋಲಿಕ ಬೋಧನೆ ಗೆರೆ ಎಳೆಯುತ್ತದೆ. ಗೆರೆ ಪುಸ್ತಕದಲ್ಲಿ ಸ್ಪಷ್ಟ ಇದೆ. ಹಬ್ಬದ ಗದ್ದಲದಲ್ಲಿ, ಹೂವಿನ ರಾಶಿಯಲ್ಲಿ ಹೊರಗಿನವರಿಗೆ ಕಾಣುವುದಿಲ್ಲ, ಒಳಗಿನ ಕೆಲವರಿಗೂ ಮಸುಕಾಗುತ್ತದೆ. ಪ್ರೊಟೆಸ್ಟೆಂಟರ ಆತಂಕ ಇಲ್ಲಿಂದಲೇ ಬಂದದ್ದು. ನಾಲ್ಕನೇ ಶತಮಾನದಲ್ಲೇ ಮರಿಯಳ ಹೆಸರಿನಲ್ಲಿ ರೊಟ್ಟಿ ನೈವೇದ್ಯ ಇಡುವ ಒಂದು ಗುಂಪಿತ್ತು ಅಂತ ಎಪಿಫಾನಿಯಸ್ ಎಂಬ ಬಿಷಪ್ ಬರೆದಿದ್ದಾರೆ. ಮರಿಯಳಿಗೆ ಗೌರವ ಇರಲಿ, ಆರಾಧನೆ ತಂದೆ, ಮಗ, ಪವಿತ್ರಾತ್ಮನಿಗೆ ಮಾತ್ರ ಅನ್ನುವ ಅರ್ಥದಲ್ಲಿ ಅವರನ್ನು ಖಂಡಿಸಿದ್ದಾರೆ.

ನೀವು ನೋಡಿದ ಹಬ್ಬ ಮರಿಯಮ್ಮನವರ ಹುಟ್ಟುಹಬ್ಬ. ಕರಾವಳಿಯಲ್ಲಿ ಮೊಂತಿ ಹಬ್ಬ ಅನ್ನುತ್ತಾರೆ. ಭತ್ತ ತೆನೆಯಾಗುವ ಕಾಲ ಆದ್ದರಿಂದ ಇಲ್ಲಿ ಹೊಸ ತೆನೆಯ ಹಬ್ಬವೂ ಅದರ ಜೊತೆ ಕೂಡಿಕೊಂಡಿದೆ. ಮುಂದಿನ ಸಲ ಕರೆದರೆ ಹೊಸಕ್ಕಿಯ ಊಟಕ್ಕೂ ಉಳಿಯಿರಿ. ದೇವಮಾತೆ ಅನ್ನುವ ಬಿರುದಿಗೆ ಅಂತ ರೋಮನ್ ಪಂಚಾಂಗದಲ್ಲಿ ಇರುವ ದಿನ ಬೇರೆ, ಅದು ಜನವರಿ 1.

ಪ್ರಶ್ನೆ: ನಾನು ಪೆಂತೆಕೊಸ್ತ್ ಸಭೆಗೆ ಹೋಗುತ್ತೇನೆ. ಬೈಬಲಿನಲ್ಲಿ ಇಲ್ಲದ ಮಾತಿಗೆ ಯಾಕೆ ಇಷ್ಟು ಚರ್ಚೆ? ಇವತ್ತು ದೇವಮಾತೆ ಅಂದವರು ನಾಳೆ ರಕ್ಷಕಿ ಅಂತಾರೆ.
– ಓದುಗರು, ಹೊಸನಗರ

ಉತ್ತರ: ಆ ಮಾತು ಬೈಬಲಿನಲ್ಲಿ ಇಲ್ಲ, ನಿಜ. ‘ತ್ರಿಯೇಕ’ ಅನ್ನುವ ಮಾತೂ ಇಲ್ಲ, ನಿಮ್ಮ ಸಭೆ ಅದನ್ನು ಬಿಟ್ಟಿದೆಯಾ? ಲೂಕ 1:43 ತೆಗೆದು ನೋಡಿ. ಎಲಿಜಬೇತಳು ಮರಿಯಳನ್ನು ತನ್ನ ಕರ್ತನ ತಾಯಿ ಅನ್ನುತ್ತಾಳೆ. ಅಲ್ಲಿಂದ ದೇವಮಾತೆಗೆ ಒಂದೇ ಹೆಜ್ಜೆ. ಆ ಹೆಜ್ಜೆ ಇಡಬೇಕೋ ಬೇಡವೋ ಅನ್ನುವುದು ನಿಮಗೆ ಬಿಟ್ಟದ್ದು. ಬಿರುದು ಬಾಯಲ್ಲಿ ಹೇಳದೆ, ಯೇಸು ಹುಟ್ಟಿನಿಂದಲೇ ದೇವರು ಅಂತ ನಂಬಿದರೆ ಎಫೆಸದ ತಿರುಳು ನಿಮ್ಮ ಹತ್ತಿರ ಇದೆ.

ನಾಳೆಯ ಮಾತಿಗೆ ಬಂದರೆ, ನಿಮ್ಮ ಅನುಮಾನಕ್ಕೆ ಕಾರಣ ಇಲ್ಲದಿಲ್ಲ. ಮರಿಯಮ್ಮನವರನ್ನು ‘ಸಹರಕ್ಷಕಿ’ ಅಂತ ಘೋಷಿಸಬೇಕು ಅಂತ ಕೆಲವು ಕಥೋಲಿಕರು ವರ್ಷಗಟ್ಟಲೆ ಒತ್ತಾಯಿಸಿದ್ದು ಹೌದು. 2025ರ ನವೆಂಬರ್‌ನಲ್ಲಿ ವ್ಯಾಟಿಕನ್‌ನ ಬೋಧನಾ ವಿಭಾಗ ಇದಕ್ಕೆ ಉತ್ತರ ಕೊಟ್ಟಿತು. ರಕ್ಷಕ ಕ್ರಿಸ್ತ ಒಬ್ಬನೇ, ಆ ಬಿರುದು ಬಳಸುವುದು ಸರಿಯಲ್ಲ ಅಂದಿತು. ದೇವಮಾತೆ ಅನ್ನುವುದನ್ನು ಹಾಗೇ ಉಳಿಸಿಕೊಂಡಿತು.